ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ

ಒಂದೇ ಮಾತನ್ನು ಎರಡು ಸಲ ಕೇಳಬೇಕು, ಅದೇ ನನ್ನ ಕೆಲಸ.
ಒಲೆಗೆ ಇದು ಇದ್ದರೆ ನಿಮಗೆ ಹೇಗನ್ನಿಸುತ್ತದೆ?
ಒಲೆಗೆ ಇದು ಇಲ್ಲದಿದ್ದರೆ ಹೇಗನ್ನಿಸುತ್ತದೆ?
ಚೀಲದಲ್ಲಿ ಹನ್ನೆರಡು ಚೀಟಿ, ಹನ್ನೆರಡು ಆಸೆ.
ಕಂಪನಿಯ ಕೈಯಲ್ಲಿ ಮೂರಕ್ಕೆ ಸಾಲುವಷ್ಟು ಕಾಸು.
ಉಳಿದ ಒಂಬತ್ತರ ಕತ್ತು ಹಿಸುಕಲು ನೇಮಕವಾದವಳು ನಾನು, ಅಪೊಂಡಿ,
ಕಿಸುಮು ಊರಿನ ನ್ಯಾಲೆಂಡಾದ ಓಣಿಗಳಲ್ಲಿ
ದಿನಗೂಲಿಗೆ.

ಮೊದಲ ಮನೆಯಲ್ಲೇ ನಕ್ಕರು:
"ಇದ್ದರೆ ಖುಷಿ, ಇಲ್ಲದಿದ್ದರೆ ಬೇಜಾರು.
ಇಷ್ಟು ತಿಳಿಯೋಕೆ ಕಾಲೇಜಿಗೆ ಹೋಗಿದ್ದೆಯಾ ತಾಯಿ?"

ಇಲ್ಲ, ಎಲ್ಲವೂ ಹಾಗಲ್ಲ.
ಬಣ್ಣದ ಚೀಟಿ ಹಿಡಿದರೆ ಆಕಳಿಕೆ,
ಇದ್ದರೂ ಸರಿ, ಇಲ್ಲದಿದ್ದರೂ ಸರಿ.
ಇದ್ದಿಲು ಎಷ್ಟು ಉಳಿದೀತೆಂದರೆ
ಹಿಡಿಯಿಂದ ಹಿಡಿಗೆ ನಗು ಅಗಲವಾಗುತ್ತದೆ.
ಒಲೆಯ ಬಿಸಿಯಲ್ಲೇ ಫೋನು ಚಾರ್ಜಾಗುತ್ತದೆಂದರೆ
ಮೆಕ್ಕೆಜೋಳ ಸುಡುವ ಒಕುಮು ಎದ್ದೇ ನಿಂತ,
ಸುಡುತ್ತಿದ್ದ ತೆನೆ ಕಪ್ಪಾಯಿತು.
"ಇಲ್ಲದಿದ್ದರೆ?" ಅಂದೆ.
"ಇಲ್ಲದಿದ್ದರೆ ಏನು? ಈಗಲೂ ಇಲ್ಲವಲ್ಲ" ಅಂದ.
ಅವನ ಮುಖದಲ್ಲಿ ಹತ್ತಿದ ದೀಪ ಬರೆಯಲು
ನನ್ನ ಹಾಳೆಯಲ್ಲಿ ಒಂದು ಚೌಕ ಇತ್ತು, ಗುರುತು ಹಾಕಿದೆ.

ನ್ಯಾರ್ ಅಲೆಗೊ ಮಾತ್ರ ಚೀಟಿ ಮುಟ್ಟಲಿಲ್ಲ.
ನೀರು ಕುದಿಯುತ್ತಿತ್ತು, ಹಿಟ್ಟು ಬಿದ್ದಿತ್ತು.
"ಕೂತು ಕೇಳುವವಳು ಎದ್ದು ತಿರುವು" ಎಂದು
ಉಗಾಲಿಯ ಕೋಲನ್ನು ನನ್ನ ಕೈಗಿಟ್ಟಳು.

ಹಿಟ್ಟು ಬಿಗಿಯಿತು. ನಾನು ಬಲ ಹಾಕಿದೆ.
ಒಲೆ ಪಾತ್ರೆ ಸಮೇತ
ಬಾಗಿಲ ಕಡೆಗೆ ಹೊರಟಿತು,
ಜಾತ್ರೆಯಲ್ಲಿ ಕೈ ಬಿಡಿಸಿಕೊಂಡ ಕೂಸಿನ ಹಾಗೆ.
ಆಕೆ ಬಂದಳು, ಮಾತಿಲ್ಲದೆ
ಬಲಗಾಲೆತ್ತಿ ಒಲೆಯ ಪಾದದ ಮೇಲಿಟ್ಟಳು.
ಒಲೆ ನಿಂತಿತು.
ಪಾದದ ಅಂಚಿನಲ್ಲಿ ಹೊಳೆಯುವ ಚರ್ಮ,
ಕೂದಲಿಲ್ಲದ್ದು, ರೇಖೆಯಿಲ್ಲದ್ದು,
ಅರ್ಧ ಬಾಳೆಎಲೆಯಷ್ಟು ನುಣುಪು.

"ಇದನ್ನು ಯಾಕೆ ಯಾರೂ ಹೇಳಲಿಲ್ಲ?"
"ಇದನ್ನೂ ಹೇಳಬೇಕಾ?"

ಊಟದಲ್ಲಿ ಉಪ್ಪು ಸರಿಯಿದ್ದ ದಿನ
ಯಾರಾದರೂ ಉಪ್ಪನ್ನು ಹೊಗಳಿದ್ದುಂಟೇ?

ಆಮೇಲೆ ನಾನು ಪ್ರಶ್ನೆ ಕೇಳುತ್ತ ಮುಖ ನೋಡಲಿಲ್ಲ.
ಐವತ್ತಮೂರು ಅಡುಗೆಮನೆ, ಕಣ್ಣು ನೆಲದ ಮೇಲೆ.
ಮೂವತ್ತೊಂದು ಬಲಗಾಲು. ನಾಲ್ಕು ಎಡಗಾಲು,
ಅವರು ಎಡಚರು.
ಒಮೆನಾ ಮೀನು ಒಣಗಿಸುವ ಹುಡುಗಿಯೊಬ್ಬಳಿಗೆ
ಗಾಯ ಇನ್ನೂ ಹಸಿ. ಅವಳಿಗೆ ಬೇಕಾದದ್ದು
ಫೋನು ಚಾರ್ಜು. ಹಾಗೇ ಬರೆದುಕೊಂಡೆ.

ಆಫೀಸಿನಲ್ಲಿ ಗೋಡೆ ತುಂಬ ಹಳದಿ ಚೀಟಿ.
ಇಂಜಿನಿಯರ್ ಓಗುಟು ಗೆರೆ ಎಳೆದ:
ಚಾರ್ಜು ಮೇಲೆ, ತುಂಬ ಮೇಲೆ.
ನಾನು ಹದಿಮೂರನೆಯದನ್ನು ಅಂಟಿಸಿದೆ:
ಅಗಲವಾದ ತಳ, ಭಾರದ ಮೂರು ಕಾಲು, ಜಾರಬಾರದು.
"ಇದನ್ನು ಎಷ್ಟು ಜನ ಕೇಳಿದರು?"
"ಯಾರೂ ಇಲ್ಲ."
"ಜಾಹೀರಾತಿನಲ್ಲಿ ಏನಂತ ಹಾಕೋಣ, ನಮ್ಮ ಒಲೆ ಓಡಿಹೋಗುವುದಿಲ್ಲ ಅಂತಲಾ?"
ಎಲ್ಲರೂ ನಕ್ಕರು, ನಾನೂ.
ಮ್ವೆಂಡೆ ಮೇಡಂ ನಗಲಿಲ್ಲ. ಎದ್ದರು.
ಅವರ ಬಲಗಾಲಿನ ಚಪ್ಪಲಿಯ ಪಟ್ಟಿ
ಒಂದು ಹಳೆಯ ಕಲೆಯ ಮೇಲೆ ಹಾಯ್ದಿತ್ತು,
ಮೂರು ವರ್ಷದಿಂದ ಕಣ್ಣೆದುರೇ ಇದ್ದದ್ದು.
ಚಾರ್ಜಿನ ಚೀಟಿ ಬಿಡಿಸಿ ಕಿಟಕಿಗೆ ಅಂಟಿಸಿದರು:
"ಮುಂದಿನ ವರ್ಷ ನೋಡೋಣ."

ಹೊಸ ಒಲೆ ಬಂದು ಆರು ತಿಂಗಳು.
ಮತ್ತೆ ಅದೇ ಓಣಿ, ಅದೇ ಚೀಲ.
ತೃಪ್ತಿಯ ಅಂಕ ಮೇಲೇರಿಲ್ಲ, ಹೇಳಿಬಿಡುತ್ತೇನೆ.
ಒಕುಮು ನನ್ನ ಜತೆ ಮಾತು ಬಿಟ್ಟಿದ್ದಾನೆ.
ತಳದ ಬಗ್ಗೆ ಒಬ್ಬರೂ ಒಂದು ಮಾತಾಡಿಲ್ಲ,
ಆ ಕಾಲಮ್ಮು ಖಾಲಿ.

ನ್ಯಾರ್ ಅಲೆಗೊ ಉಗಾಲಿ ತಿರುವುತ್ತಿದ್ದಳು,
ಎರಡೂ ಕಾಲು ನೆಲದ ಮೇಲೆ ಊರಿ,
ಸೊಂಟದಿಂದ ಬಲ ತಂದು.
ನನ್ನ ಕಡೆ ತಿರುಗದೆಯೇ ಕೇಳಿದಳು,
"ಈ ದರಿದ್ರ ಹಸಿರು ಬಣ್ಣ
ಯಾರು ಆರಿಸಿದ್ದು?"