ಮಾಲೀಕರ ಹೆಸರು

ಜಗಳೂರು ಸೀಮೆಯ ಹನ್ನೊಂದು ಹಳ್ಳಿಗೆ
ನಾನೇ ಹೋರಿ ಎಂದು ನಗುತ್ತಾರೆ.
ಕಡ್ಡಿ ಚಿತ್ತಯ್ಯ ಅಂದರೆ ಸಾಕು, ಮಕ್ಕಳೂ ಮನೆ ತೋರಿಸುತ್ತವೆ.
ಬೈಕಿನ ಹಿಂದೆ ಹಗ್ಗ ಬಿಗಿದ ಕ್ಯಾನು,
ಕ್ಯಾನಿನೊಳಗೆ ಹೊಗೆಯಾಡುವ ಚಳಿ,
ಚಳಿಯೊಳಗೆ ನಾನು ಕಣ್ಣಲ್ಲೂ ಕಾಣದ ಹೋರಿಗಳು,
ಜರ್ಸಿ, ಹಳ್ಳಿಕಾರ್, ಮುರ್ರಾ ಕೋಣ,
ಸತ್ತು ಎಷ್ಟು ವರ್ಷವಾಯಿತೋ,
ಇನ್ನೂ ಅಪ್ಪಂದಿರಾಗುತ್ತಲೇ ಇವೆ.

ಆ ರಾತ್ರಿ ಹತ್ತೂವರೆಗೆ ತಹಸೀನ್ ಮೇಡಂ ಫೋನು.
ದಾವಣಗೆರೆಯ ಹುಡುಗಿ. ಎರಡು ವರ್ಷದಿಂದ
ರಂಗಯ್ಯನದುರ್ಗದ ಕಾಡಲ್ಲಿ ಹಿಕ್ಕೆ ಆರಿಸುತ್ತಾಳೆ.
ಕೊಂಡುಕುರಿ ಮರ್ಯಾದಸ್ಥ ಪ್ರಾಣಿಯಂತೆ,
ಒಮ್ಮೆ ಕೂತ ಜಾಗಕ್ಕೇ ಮತ್ತೆ ಮತ್ತೆ ಬರುತ್ತದಂತೆ.
"ಚಿತ್ತಯ್ಯಣ್ಣ, ಒಂದು ಗಂಡು. ಲಾರಿ ಹೊಡೆದಿದೆ.
ಮೈ ಇನ್ನೂ ಬೆಚ್ಚಗಿದೆ. ಕ್ಯಾನಲ್ಲಿ ನೈಟ್ರೋಜನ್ ಇದೆಯಾ?"

ಇತ್ತು. ಸೋಮವಾರವಷ್ಟೇ ತುಂಬಿಸಿದ್ದೆ.

ತಿರುವಿನಲ್ಲಿ ಮೆಕ್ಕೆಜೋಳ ಚೆಲ್ಲಿತ್ತು.
ಅದರ ಮೇಲೆ ಮಲಗಿತ್ತು,
ನಮ್ಮ ಹಟ್ಟಿಯ ಹೋತದಷ್ಟೂ ಇಲ್ಲ.
ಬೆರಳಿಟ್ಟು ಎಣಿಸಿದೆ. ಕಿವಿಯ ನಡುವೆ ಎರಡು ಕೊಂಬು,
ಹಣೆಯ ಮೇಲೆ ಇನ್ನೆರಡು, ಮೊಳಕೆಯಷ್ಟೇ.
ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಂಥ ಗಿರಾಕಿ ಇದೇ ಮೊದಲು.
ರೇಂಜರ್ ಸಾಹೇಬರು ಫೋನಲ್ಲೇ ಹೂಂ ಅಂದರು.
ಗಾರ್ಡು ಸಣ್ಣಪಾಲಯ್ಯ ಟಾರ್ಚು ಹಿಡಿದ,
ಮುಖ ಮಾತ್ರ ಆ ಕಡೆ.
ತಹಸೀನ್ ಬ್ಲೇಡು ತೆಗೆದಳು.
ನನ್ನ ಹೆಂಡತಿಯ ಟೀ ಫ್ಲಾಸ್ಕಿನಲ್ಲಿ
ಏನು ತಂದೆವೆಂದು ಅವಳಿಗೆ ಇವತ್ತಿಗೂ ಹೇಳಿಲ್ಲ.

ಮೊಟ್ಟೆಯ ಹಳದಿ ಬೇಕಂತೆ. ನಾನೇ ಓಡಿದೆ.
ಎಗ್‌ರೈಸ್ ಗಾಡಿ ತೊಳೆಯುತ್ತಿದ್ದ ಜಬೀವುಲ್ಲಾ
ಎರಡು ಕೊಟ್ಟು ಕೇಳಿದ, ಇಷ್ಟೊತ್ತಲ್ಲಿ ಆಮ್ಲೆಟ್ಟಾ?
ದನದ ಆಸ್ಪತ್ರೆಯ ಮೇಜಿನ ಮೇಲೆ
ಅವಳು ನನ್ನ ತಲೆ ಹಿಡಿದು ಮೈಕ್ರೋಸ್ಕೋಪಿಗೆ ಬಗ್ಗಿಸಿದಳು.
ಸಂಜೆ ಸಂತೆ ಬಿಟ್ಟ ಹಾಗೆ
ಒಂದೊಂದಕ್ಕೂ ಒಂದೊಂದು ಅವಸರ.
ಒಡೆಯ ಸತ್ತ ಸುದ್ದಿ
ಅವಕ್ಕಿನ್ನೂ ಮುಟ್ಟಿರಲಿಲ್ಲ.

ಹತ್ತೊಂಬತ್ತು ಕಡ್ಡಿ ಆಯಿತು.
ಥರ್ಮಾಕೋಲ್ ಡಬ್ಬಿಯ ಹೊಗೆಯಲ್ಲಿ ಹತ್ತು ನಿಮಿಷ, ಆಮೇಲೆ ಮುಳುಗು.
ಮುರ್ರಾ ಕೋಣಗಳನ್ನು ಒತ್ತಟ್ಟಿಗೆ ಸರಿಸಿ
ಮೂರನೇ ತೂಕಿನಲ್ಲಿ ಜಾಗ ಮಾಡಿಕೊಟ್ಟೆ.
ರಿಜಿಸ್ಟರಿನಲ್ಲಿ ತಳಿ ಬರೆದೆ, ತಾರೀಕು ಬರೆದೆ.
ಮಾಲೀಕರ ಹೆಸರು ಎಂಬ ಕಲಮಿಗೆ ಬಂದು
ಪೆನ್ನು ನಿಂತಿತು.

ಮೂರು ತಿಂಗಳಿಗೆ ಕಿವಿಯ ಚೂರಿನ ರಿಪೋರ್ಟು ಬಂತು.
ಕಾಡಿನ ಅಷ್ಟೂ ಹಿಕ್ಕೆ ಒಂದೇ ಮನೆಯವರದಂತೆ,
ಅಣ್ಣ ತಂಗಿ, ಅತ್ತೆ ಅಳಿಯ, ಎಲ್ಲ ಕಲಸಿಹೋದ ನೆತ್ತರು.
ಇವನೊಬ್ಬ ಹೊರಗಿನವನು.
ಎಲ್ಲಿಂದ ಬಂದನೋ, ಹೊಲ ದಾಟಿ, ಗಾಳಿಯಂತ್ರಗಳ ಬುಡ ದಾಟಿ.
ನಮ್ಮ ಹಟ್ಟಿಯಲ್ಲೂ
ಒಂದೇ ಬೆಡಗಿನಲ್ಲಿ ಹೆಣ್ಣು ತರುವುದಿಲ್ಲ ಮೇಡಂ, ಅಂದೆ.
ಬೇರೆ ಬೆಡಗಿನ ಗಂಡು, ಹೆಣ್ಣು ನೋಡಲು ಬರುತ್ತಿದ್ದ.
ಇನ್ನೊಂದು ರಸ್ತೆ ಬಾಕಿ ಇತ್ತು.

ಇದರಿಂದ ಮರಿ ಆಗುತ್ತಾ?
"ಗೊತ್ತಿಲ್ಲ ಚಿತ್ತಯ್ಯಣ್ಣ. ಹೆಣ್ಣು ಯಾವಾಗ ಬೆದೆಗೆ ಬರುತ್ತದೆಂದೇ
ನನಗಿನ್ನೂ ಸರಿಯಾಗಿ ತಿಳಿದಿಲ್ಲ.
ಹತ್ತು ವರ್ಷ ಆಗಬಹುದು. ಇಪ್ಪತ್ತು."
ಎಮ್ಮೆ ಕೂಗಿದ ಕೂಗಿಗೇ ಹೊತ್ತು ಹೇಳುವ ನಾನು
ಸುಮ್ಮನಾದೆ. ನನಗೆ ರಿಟೈರು ನಾಲ್ಕು ವರ್ಷಕ್ಕೆ.

ದೊಡ್ಡ ಲ್ಯಾಬಿಗೆ ಕಾಗದ ಹೋಗಿದೆ. ಅಲ್ಲಿಂದ ಕಾಗದ ಬರಬೇಕು.
ಅಲ್ಲಿಯವರೆಗೆ ನನ್ನಲ್ಲೇ.
ಆಡಿಟಿನವರು ಬೆರಳಿಟ್ಟು ಕೇಳಿದರು,
ಹತ್ತೊಂಬತ್ತು ಕಡ್ಡಿ, ಮಾಲೀಕರಿಲ್ಲ, ಏನಿದು?
ಪೆನ್ಸಿಲಿನಲ್ಲಿ ಬರೆದೆ:
ಬರಬೇಕು.

ಈಗ ಹಳ್ಳಿಗೆ ಹೋಗುವಾಗ ಆ ಕ್ಯಾನು ಒಯ್ಯುವುದಿಲ್ಲ,
ಸಣ್ಣದು ಬೇರೆ ಇಟ್ಟಿದ್ದೇನೆ.
ರಾತ್ರಿ ಎದ್ದು ಮರದ ಸ್ಕೇಲು ಅದ್ದಿ ನೋಡುತ್ತೇನೆ.
ನಿನ್ನೆ ಹಿಮ ಕಟ್ಟಿದ್ದು ಐದು ಇಂಚು.
ಗುರುವಾರದವರೆಗೆ ತೊಂದರೆಯಿಲ್ಲ.
ಗಾಡಿ ಬುಧವಾರ ಅಂದಿದ್ದಾರೆ.