ತೂಕದ ದಿನ

ಪೈವಳಿಕೆಯ ನಮ್ಮ ಅಂಗನವಾಡಿಯ ತೊಲೆಗೆ
ತಿಂಗಳಿಗೊಮ್ಮೆ ತಕ್ಕಡಿ ನೇತು ಹಾಕುತ್ತೇನೆ.
ಅದರ ನೀಲಿ ಚಡ್ಡಿಯೊಳಗೆ ಕಾಲು ಇಳಿಬಿಟ್ಟು
ಸರದಿಯ ಪ್ರಕಾರ ಅಳುತ್ತವೆ ಮಕ್ಕಳು.

ವಾರಿಜ ಗೋಡೆಗೆ ಒರಗಿ ನಿಂತಿದ್ದಾಳೆ.
ಮುಳ್ಳನ್ನು ಅವಳು ನಂಬುವುದಿಲ್ಲ.
ಬೀಡಿ ಬ್ರಾಂಚಿನಲ್ಲಿ ಎಲೆ ತೂಗಿ ಕೊಡುತ್ತಾರೆ,
ಕಟ್ಟು ಕಮ್ಮಿ ಬಂದರೆ ಮಜೂರಿಯಲ್ಲಿ ಹಿಡಿಯುತ್ತಾರೆ,
ಸಪೂರ ಆದದ್ದನ್ನು
ಅವಳ ಕಣ್ಣೆದುರೇ ಮುರಿದು ಬದಿಗೆ ಹಾಕುತ್ತಾರೆ.

ಹದಿನಾಲ್ಕು ತಿಂಗಳಿಗೆ ಏಳು ಕಿಲೋ ಇನ್ನೂರು.
(ತಕ್ಕಡಿ ಐವತ್ತು ಗ್ರಾಮು ಸುಳ್ಳು ಹೇಳುತ್ತದೆ,
ಕಳೆದೇ ಬರೆದದ್ದು.)
ಪುಸ್ತಕದ ಅಕ್ಷರ ಮಲಯಾಳ,
ಹಳದಿ ಮಾತ್ರ ಎಲ್ಲರಿಗೂ ಓದಲು ಬರುತ್ತದೆ.

"ಏತ್ ಕಮ್ಮಿ ಉಂಡು ಟೀಚರೇ?"
ಕೇಳುವಾಗಲೇ ಅವಳ ಕೈ
ನೈಟಿಯ ಕಿಸೆಗೆ ಹೋಗಿತ್ತು,
ದಂಡ ಎಷ್ಟೆಂದು ಗೊತ್ತಾದರೆ ಸಾಕು ಎಂಬ ಹಾಗೆ.

ಕಪಾಟು ತೆರೆದು ಅಮೃತಂ ಪುಡಿ ಕೊಟ್ಟೆ.
ಬೆರಳು ತಾನಾಗಿ ಎಣಿಸಿತು,
ಇನ್ನೊಮ್ಮೆ ಎಣಿಸಿತು,
ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಿತು.
"ಜಾಸ್ತಿ ಬಂದಿದೆ."
"ಕಮ್ಮಿ ಇದ್ದದ್ದಕ್ಕೆ ಅದು," ಅಂದೆ.

ಅವಳು ನನ್ನನ್ನು ನೋಡಿದ ರೀತಿ
ನನಗೆ ಲೆಕ್ಕ ಬರುವುದಿಲ್ಲವೇನೋ ಎಂಬಂತಿತ್ತು.
ಮೂರು ತಿಂಗಳಿಂದ ನನ್ನ ಗೌರವಧನವೂ ಬಂದಿಲ್ಲ,
ಇರಬಹುದು, ಬರುವುದಿಲ್ಲ.

ಮಗುವನ್ನು ಸೊಂಟಕ್ಕೇರಿಸಿ, ಚಪ್ಪಲಿ ಮೆಟ್ಟಿ,
ಮೆಟ್ಟಿಲಲ್ಲಿ ತಿರುಗಿ ಕೇಳಿದಳು:
ಬರುವ ತಿಂಗಳು ತೂಕ ಸರಿಯಾದರೆ
ಇದನ್ನು ವಾಪಸು ಕೊಡಬೇಕಾ?

ಬೇಡ ಅಂದೆ.
ಗೇಟಿನ ಹತ್ತಿರ ನಿಂತು
ಮತ್ತೆ ಎಣಿಸುತ್ತಿದ್ದಳು.
ಮಗು ಅಷ್ಟರಲ್ಲಿ
ಪೊಟ್ಟಣದ ಮೂಲೆಯೊಂದನ್ನು
ಬಾಯಿಗೆ ಹಾಕಿಯಾಗಿತ್ತು.