ಸೆವ್ರಿನ್ ಮಾವ್ಶಿಯ ತಪಾಸಣೆ

ಮೊದಲನೇ ಆಶ್ರಮ ಕುಲಶೇಖರದಲ್ಲಿ. ನೆಲ ಕನ್ನಡಿ.
"ಮುಖ ಕಾಣ್ತದೆ, ಸೊಂಟ ಮುರೀತದೆ" ಎಂದಳು,
ಹೊಸಿಲು ದಾಟಲಿಲ್ಲ.

ಬಿಜೈಯಲ್ಲಿ ಲಿಫ್ಟು, ಮಂಚದ ತಲೆಗೆ ಕರೆಗಂಟೆ.
ಒತ್ತಿದಳು. ನಲವತ್ತು ವರ್ಷ
ವಾರ್ಡಿನಲ್ಲಿ ನಾಡಿ ಎಣಿಸಿದ
ಅದೇ ವಾಚು ನೋಡುತ್ತ ಕೂತಳು.
ಹನ್ನೊಂದು ನಿಮಿಷ.
ಬಂದವರು ಕೇಳಿದ್ದು: "ಯಾರು ಒತ್ತಿದ್ದು?"

ಜೆಪ್ಪುವಿನದು ಹಳೇ ಹಂಚಿನದು. ಗಂಟೆಯೇ ಇಲ್ಲ.
ಬಚ್ಚಲ ಬಾಗಿಲು ಹೊರಕ್ಕೆ ತೆರೆಯುತ್ತದೆ.
ಅದಕ್ಕೊಂದು "ಹ್ಞೂಂ".
ಬೂತಾಯಿ ಪುಳಿಮುಂಚಿಯ ವಾಸನೆಗೆ ಮಾತಿಲ್ಲ.
ಆಮೇಲೆ
ಊರುಗೋಲನ್ನು ಬೇಕೆಂದೇ ಕೈಬಿಟ್ಟಳು.

ಸದ್ದಿಗೆ ಓಡಿಬಂತು ಒಂದು ಹುಡುಗಿ,
ಮೊಣಕೈವರೆಗೆ ಸೋಪಿನ ನೊರೆ;
ಕೋಲು ಎತ್ತಲಿಲ್ಲ, ಮೊದಲು ಇವಳ ಭುಜ ಹಿಡಿಯಿತು.

ಅರ್ಜಿಗೆ ಕೂತೆವು. ಹೆಸರು, ವಯಸ್ಸು, ಬಿ.ಪಿ.
ನನ್ನ ಪೆನ್ನು ತಡೆದು ಕೇಳಿದಳು:
"ಆ ಹುಡುಗಿಗೆ ಸಂಬಳ ಎಷ್ಟು?
ತಿಂಗಳಾ ತಿಂಗಳಾ ಕೊಡ್ತೀರಾ?"